ಮೊದಲು ಕೈ, ಆಮೇಲೆ ಹಬೆ

"ಇನ್ನೂ ಆಗಲಿಲ್ಲೇನಬೇ? ಮಷೀನು ಕುದ್ದು ಕುಂತೈತಿ!"

ಅವ್ವನ ಕೂಗಿಗೆ ಸಂಘಮಿತ್ರಾ ಬಾಯಿಗೆ ಹಿಡಿದಿದ್ದ ಕೈ ತೆಗೆದಳು. ಇಷ್ಟು ಹೊತ್ತು ಅವಳು ಎರಡೂ ಅಂಗೈಗೆ ಹಾ... ಹಾ... ಎಂದು ಉಸಿರು ಊದಿಕೊಳ್ಳುತ್ತಿದ್ದಳು.

"ಆತು ಅವ್ವಾ. ಥಂಡಿಗೆ ಕೈ ಮರಗಟ್ಟ್ಯಾವು."

"ಗಾಜು ಸವರೂದ್ರಾಗ ಬಿಸಿ ಆಗ್ತಾವು. ನಡಿ ಲಗೂನ."

ಎಳ್ಳಮವಾಸ್ಯೆ ಕಳೆದು ಎರಡು ದಿನವಾಗಿತ್ತು. ಭಾನುವಾರ, ಶಾಲೆಯಿಲ್ಲ. ಸಿಂಧನೂರಿನ ಮಸ್ಕಿ ರಸ್ತೆಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಅಕ್ಕಿ ಮಿಲ್ಲಿನ ಚಿಮಣಿ ಅರ್ಧ ಮಾತ್ರ ಕಾಣುತ್ತಿತ್ತು. ಆದರೆ ಅದು ಉಗುಳಿದ ಬೂದಿ ಎಲ್ಲ ಕಡೆಗೂ ಕಾಣುತ್ತಿತ್ತು. ಶೆಡ್ಡಿನ ಮುಂದೆ ನಿಂತಿದ್ದ ಬಿಳಿ ಕಾರಿನ ಮೈಮೇಲೂ ಇತ್ತು. ರಾತ್ರಿಯ ಇಬ್ಬನಿ, ಮಿಲ್ಲಿನ ಬೂದಿ, ನೆಲ್ಲು ಕೊಯ್ಯುವ ಮಷೀನಿನ ಧೂಳು, ಮೂರೂ ಸೇರಿ ಕಾರಿಗೆ ಅಂಬಲಿ ಬಳಿದಂತಾಗಿತ್ತು.

ಇದನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಬಕೆಟ್‌ಗಟ್ಟಲೆ ತಣ್ಣೀರು ಸುರಿದರೆ ಸಂದಿಗೊಂದಿಗೆಲ್ಲ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಹಬೆ ಬಿಟ್ಟರೆ ಮಾತ್ರ ತಾನಾಗಿಯೇ ಮೆತ್ತಗಾಗಿ ಬಟ್ಟೆಗೆ ಬರುತ್ತದೆ. ಅದಕ್ಕೇ ಅವ್ವ ಹಬೆ ಮಷೀನು ತಂದಿದ್ದಳು. ಅದಕ್ಕೇ ಬಾಗಿಲ ಮೇಲೆ ‘ಅನುಪಮಾ ಸ್ಟೀಮ್ ವಾಶ್’ ಎಂದು ಬರೆಸಿದ್ದಳು.

ಎದುರಿನ ಚಹಾ ಹೋಟೆಲಿನ ಬುಡ್ಡೇಸಾಬ್ ತಾತ ಮಾತ್ರ ಅದಕ್ಕೆ ‘ಇಡ್ಲಿ ಮಷೀನು’ ಎಂದೇ ಹೆಸರಿಟ್ಟಿದ್ದ.

"ಅನುಪಮಾ, ಕಾರು ಬೆಂತೇನವ್ವಾ? ಬೆಂದಿದ್ರ ಎರಡು ಪ್ಲೇಟ್ ಕೊಡು!" ಎಂದು ಇವತ್ತೂ ಅಲ್ಲಿಂದಲೇ ಕೂಗಿದ.

"ಚಟ್ನಿ ನೀ ತಾ, ತಾತಾ!" ಎಂದಳು ಅವ್ವ.

ಅವ್ವ ನಗುತ್ತಿದ್ದರೂ ಒಳಗೆ ಗಾಬರಿಯಲ್ಲಿದ್ದಾಳೆ ಎಂದು ಮಿತ್ರಾಗೆ ಗೊತ್ತಿತ್ತು. ಈ ಕಾರು ವಿರೂಪಾಕ್ಷಪ್ಪ ಸಾವ್ಕಾರರದು. ಅವರ ನಾಲ್ಕು ಬಾಡಿಗೆ ಕಾರುಗಳು ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ದಿನವಿಡೀ ಓಡುತ್ತವೆ. "ಒಂದು ಗಾಡಿ ತೊಳೆದು ತೋರಸ್ರಿ. ಚಲೋ ಅನಿಸಿದ್ರ ವಾರವಾರ ನಾಕೂ ನಿಮ್ಮಲ್ಲೇ," ಎಂದಿದ್ದರು. ಮಷೀನು ಬಂದು ಎರಡು ತಿಂಗಳಾದರೂ ದಿನಕ್ಕೆ ಒಂದು ಗಾಡಿ ಬಂದರೆ ಹೆಚ್ಚು. ಬಿಸಿಗೆ ಬಣ್ಣ ಹೋಗುತ್ತದೆ, ಗಾಜು ಒಡೆಯುತ್ತದೆ ಎಂದು ಜನರಿಗೆ ಹೆದರಿಕೆ. ನಾಲ್ಕು ಗಾಡಿ ಬಂದರೆ ಉಳಿದವರೂ ಬರುತ್ತಾರೆ. ಬರದಿದ್ದರೆ ಅವ್ವ ಮತ್ತೆ ಮಿಲ್ಲಿಗೆ ನೆಲ್ಲು ತೂಗಲು ಹೋಗಬೇಕು.

ಮಿತ್ರಾ ಹಬೆ ಬಿಡುವ ಗನ್ ಮುಟ್ಟುವಂತಿಲ್ಲ. ಅದು ಅವ್ವನದು. ಮಿತ್ರಾಳ ಕೆಲಸ ಅದಕ್ಕೂ ಮೊದಲಿನದು.

"ಥಂಡಿಯಾಗ ಗಾಜು ನಿದ್ದಿಯಾಗ ಇರ್ತೈತಿ," ಎಂದು ಅವ್ವ ಮೊದಲ ದಿನವೇ ಹೇಳಿದ್ದಳು. "ಒಮ್ಮಿಗೇ ಬಿಸಿ ಉಗ್ಗಿದ್ರ ಬೆದರ್ತೈತಿ. ದೂರದಿಂದ ಮೆಲ್ಲಕ ಎಬ್ಬಿಸಬೇಕು. ಆದ್ರ ಗಾಯ ಆಗಿರೋ ಗಾಜು ಹೆಂಗ ಎಬ್ಬಿಸಿದ್ರೂ ಸೀಳ್ತೈತಿ. ಗಾಯ ಕಣ್ಣಿಗೆ ಕಾಣಂಗಿಲ್ಲ, ಕೈಗೆ ಹತ್ತತೈತಿ. ಅದಕ್ಕ ಮೊದ್ಲು ಕೈ, ಆಮ್ಯಾಲ ಹಬೆ."

ಅವ್ವನ ಅಂಗೈ ಮಿಲ್ಲಿನ ಕೆಲಸಕ್ಕೆ ದಡ್ಡುಗಟ್ಟಿದೆ. ಮಿತ್ರಾಳದು ಇನ್ನೂ ಮೆತ್ತಗಿದೆ. ಹಾಗಾಗಿ ಗಾಜಿನ ಮೇಲೆ ಕೈ ಆಡಿಸುವವಳು ಮಿತ್ರಾ. ಎಲ್ಲ ಸರಿಯಿದ್ದರೆ ‘ಸೈ’ ಎನ್ನುವವಳೂ ಅವಳೇ. ಆ ಮಾತು ಕೇಳುವ ತನಕ ಅವ್ವ ಗುಂಡಿ ಒತ್ತುವುದಿಲ್ಲ.

ಕಾರು ತಂದ ಡ್ರೈವರ್ ನಿಂಗರಾಜ ಇಳಿಯುತ್ತಲೇ ಒಂದು ಮಾತು ಹೇಳಿದ್ದ. "ತಂಗೀ, ಮುಂದಿನ ಗಾಜಿನ ಮೂಲ್ಯಾಗ ಅಮಾಸಿ ಕುಂಕುಮ ಐತಿ. ಅದನ್ನ ಮುಟ್ಟಬ್ಯಾಡ್ರಿ. ಐದು ದಿನ ಇರಬೇಕು." ಚಹಾ ಹೋಟೆಲಿಗೆ ಹೊರಟವನು ಅರ್ಧ ರಸ್ತೆಯಿಂದ ತಿರುಗಿ ಬಂದು ಮತ್ತೊಮ್ಮೆ ಅದನ್ನೇ ಹೇಳಿದ್ದ. "ಮುಟ್ಟಬ್ಯಾಡ್ರಿ ಮತ್ತ!"

ಮಿತ್ರಾ ಆಗಲೇ ಅವ್ವನಿಗೆ ಹೇಳಿದ್ದಳು. ಅವ್ವ ಮಷೀನಿಗೆ ನೀರು ತುಂಬುತ್ತ, "ಅವರ ಪೂಜಿ ಅವರಿಗೆ. ನಾವ್ಯಾಕ ಅಳಸೂನು? ಆದ್ರ ಅಳಸೂದು ಬ್ಯಾರೆ, ಮುಟ್ಟಿ ನೋಡೂದು ಬ್ಯಾರೆ. ಒಂದು ಬೆರಳು ಮೆತ್ತಗ ಇಟ್ಟು ನೋಡಿಬಿಡು," ಎಂದಿದ್ದಳು.

ಮಿತ್ರಾ ಕೈ ಆಡಿಸಿದಳು. ಹಿಂದಿನ ಗಾಜು, ಬಾಗಿಲ ಗಾಜು, ಆಮೇಲೆ ಮುಂದಿನದು. ಮಂಜುಗಡ್ಡೆ ಸವರಿದಂತಿತ್ತು. ಮೂಲೆಯಲ್ಲಿ, ವೈಪರಿನ ಹತ್ತಿರ, ಕಡಲೆಕಾಳಿನಷ್ಟು ದಪ್ಪ ಕುಂಕುಮದ ಬೊಟ್ಟು. ಅವಳ ಬೆರಳು ಅಲ್ಲಿಗೆ ಬಂದು ನಿಂತಿತು.

ಮುಟ್ಟಿದರೆ ಬೆರಳು ಕೆಂಪಾಗುತ್ತದೆ. ಬೂದಿಯಾದರೆ ಬಟ್ಟೆಗೆ ಒರೆಸಿಕೊಳ್ಳಬಹುದು, ಕೆಂಪಾದರೆ ತೊಳೆಯಬೇಕು. ತೊಟ್ಟಿಯ ನೀರು ನೆನೆದೇ ಅವಳ ಮೈ ಜುಂ ಎಂದಿತು.

ಬೊಟ್ಟಿನ ಸುತ್ತ ಕೈ ಸುತ್ತಿಸಿ ಅವಳು ಹಿಂದೆ ಸರಿದಳು.

"ಸೈ!"

ಅವ್ವ ಗುಂಡಿ ಒತ್ತಿದಳು. ಮಾರು ದೂರದಿಂದ ಹಬೆ ಬುಸ್ಸೆಂದಿತು. ಬೆಳ್ಳಗಿನ ಮೋಡ ಗಾಜನ್ನು ಸವರಿ ಮೇಲಕ್ಕೇರಿತು. ಅವ್ವ ಕುಂಕುಮವನ್ನು ಬಿಟ್ಟು, ಒಂದೊಂದೇ ಹೆಜ್ಜೆ ಮುಂದೆ ಬಂದಳು. ಬೂದಿ ಕರಗಿ ಇಳಿಯತೊಡಗಿತು. ಮಿತ್ರಾ ಬಟ್ಟೆ ಹಿಡಿದು ಸಿದ್ಧಳಾದಳು.

ಟಿಕ್.

ಚಿಕ್ಕ ಸದ್ದು. ಬಳೆ ಒಡೆದಷ್ಟು. ಕುಂಕುಮದ ಕೆಳಗಿನಿಂದ ಒಂದು ಗೆರೆ ಹೊರಟು, ಅವರ ಕಣ್ಣೆದುರಿಗೇ ಹಾವಿನ ಹಾಗೆ ಹರಿದು, ಗಾಜಿನ ನಡುವಿಗೆ ಬಂದು ನಿಂತಿತು.

ಅವ್ವ ಗುಂಡಿ ಬಿಟ್ಟಳು. ಮಷೀನಿನ ಸದ್ದು ನಿಂತಿತು.

* * *

ಸುದ್ದಿ ತಿಳಿದು ವಿರೂಪಾಕ್ಷಪ್ಪ ಸಾವ್ಕಾರರು ಬೈಕಿನಲ್ಲಿ ಬಂದರು. ತಲೆಗೆ ಮಫ್ಲರ್, ಅದರ ಮೇಲೆ ಟೋಪಿ. ಸಿಟ್ಟು ಅದರೊಳಗಿಂದಲೂ ಕಾಣುತ್ತಿತ್ತು.

"ಜನ ಅಂದಿದ್ದು ಖರೇ ಆತು ಇಲ್ಲೋ? ಥಂಡಿ ಗಾಜಿಗೆ ಬಿಸಿ ಹಬೆ! ಸ್ಟೀಲ್ ಲೋಟ ಅಂತ ತಿಳಿದೀರೇನ್ರಿ ಇದನ್ನ?"

ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದೇ ರಸ್ತೆ ದಾಟಿ ಬಂದರು. "ನಾ ಮೊದ್ಲ ಹೇಳಿದ್ನೆಪಾ," ಎಂದ ಒಬ್ಬ. "ನೀರೇ ಚಲೋ," ಎಂದ ಇನ್ನೊಬ್ಬ. ಬುಡ್ಡೇಸಾಬ್ ತಾತ ಇಡ್ಲಿಯ ಮಾತು ಎತ್ತಲಿಲ್ಲ.

ನಿಂಗರಾಜ ಕಾರಿನ ಆಚೆ ಬದಿಗೆ ನಿಂತಿದ್ದ. ಅವನು ಗಾಜನ್ನು ನೋಡಲಿಲ್ಲ. ತನ್ನ ಚಪ್ಪಲಿ ನೋಡುತ್ತಿದ್ದ.

ಮಿತ್ರಾ ಅವ್ವನ ಮುಖ ನೋಡಿದಳು. ಈಗ ಅವ್ವ ಹೇಳುತ್ತಾಳೆ. ‘ನನ್ನ ಮಗಳು ಸೈ ಅಂದಳು, ಅದಕ್ಕ ಬಿಟ್ಟೆ’ ಎನ್ನುತ್ತಾಳೆ.

"ಹಬೆ ಬಿಟ್ಟಾಕಿ ನಾನು, ಸಾವ್ಕಾರ್ರೇ," ಎಂದಳು ಅವ್ವ. "ಗಾಜು ನಾನೇ ಹಾಕಿಸಿಕೊಡ್ತೀನಿ."

"ಹಾಕಸ್ರಿ. ಆದ್ರ ಇನ್ನ ನನ್ನ ಒಂದು ಗಾಡೀನೂ ಈ ಕಡೆ ಬರಂಗಿಲ್ಲ." ಸಾವ್ಕಾರರು ಬೈಕ್ ತಿರುಗಿಸಿದರು. "ಲೇ ನಿಂಗ್ಯಾ, ನೀ ಗಾಡಿ ಹತ್ರ ಇರು. ನಾ ಗಾಜಿನ ರಫೀಕ್‌ನ್ನ ಕರಕೊಂಡು ಬರ್ತೀನಿ."

ಜನ ಒಬ್ಬೊಬ್ಬರಾಗಿ ಹೋದರು. ಅವ್ವ ಪೈಪ್ ಸುತ್ತಿಟ್ಟು ಒಳಗೆ ಹೋದಳು. ನಾಷ್ಟಾದ ಒಗ್ಗರಣೆಗೆ ಮಂಡಕ್ಕಿ ನೆನೆಸುವ ಸದ್ದು ಕೇಳಿಸಿತು. ‘ಕೈ ಸರಿಯಾಗಿ ಆಡಿಸಿದ್ದಿಲ್ಲೋ?’ ಎಂದು ಅವಳು ಕೇಳಲೇ ಇಲ್ಲ. ಎರಡು ಏಟು ಹಾಕಿದ್ದರೂ ಇದಕ್ಕಿಂತ ವಾಸಿಯಿತ್ತು.

ಮಿತ್ರಾ ಕಾರಿನ ಹತ್ತಿರ ಹೋದಳು. ಯಾರೂ ನೋಡುತ್ತಿರಲಿಲ್ಲ. ಕುಂಕುಮದ ಮೇಲೆ ಬೆರಳಿಟ್ಟಳು.

ಉಗುರು ತಗ್ಗಿಗೆ ಸಿಕ್ಕಿಕೊಂಡಿತು.

ಅವಳು ಉಗುರಿನಿಂದಲೇ ಕೆರೆದಳು. ಕುಂಕುಮ ಪುಡಿಯಾಗಿ ಉದುರಲಿಲ್ಲ, ಮೇಣದ ಹಾಗೆ ಹಕ್ಕಳೆ ಎದ್ದಿತು. ಯಾರೋ ಅಂಟು ಕಲಸಿ ಮೆತ್ತಿದ್ದರು. ಕೆಳಗೆ ತೊಗರಿ ಬೇಳೆಯಷ್ಟು ಒಂದು ಗುಳಿ. ಸುತ್ತಲೂ ನಕ್ಷತ್ರದ ಹಾಗೆ ಸಣ್ಣ ಸಣ್ಣ ಬಿರುಕು. ಒಳಗೆ ಕಪ್ಪು ಧೂಳು ಕೂತಿತ್ತು.

ಇದು ಹಬೆಯಿಂದ ಆದದ್ದಲ್ಲ! ಮೊದಲೇ ಕಲ್ಲು ಬಡಿದಿತ್ತು!

"ಅವ್ವಾ!" ಎಂದು ಕೂಗುತ್ತ ಮಿತ್ರಾ ಓಡಿದಳು. ಹೊಸ್ತಿಲ ತನಕ ಬಂದು ಗಕ್ಕನೆ ನಿಂತಳು.

ಅವ್ವ ಏನು ಕೇಳುತ್ತಾಳೆ? ‘ಹಂಗಾದ್ರ ನಿನ್ನ ಕೈಗೆ ಯಾಕ ಹತ್ತಲಿಲ್ಲ?’

"ಏನಬೇ?" ಒಳಗಿನಿಂದ ಅವ್ವನ ದನಿ ಬಂತು.

"ಏನಿಲ್ಲವ್ವಾ."

ಅವಳು ತನ್ನ ಕೆಂಪು ಬೆರಳು ನೋಡಿಕೊಂಡಳು. ಇಷ್ಟೇ ಕೆಂಪು. ಒಂದು ಚೊಂಬು ನೀರು ಸಾಕಿತ್ತು.

* * *

ನಿಂಗರಾಜ ಹೋಟೆಲಿನ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅವನ ಮುಂದಿನ ಚಹಾಕ್ಕೆ ಕೆನೆ ಕಟ್ಟಿತ್ತು. ಮಿತ್ರಾ ಅವನೆದುರು ತನ್ನ ಕೆಂಪು ಬೆರಳು ಹಿಡಿದಳು.

ಅವನು ಬೆರಳು ನೋಡಿದ. ಆಮೇಲೆ ಅವಳ ಮುಖ ನೋಡಿದ.

"ಮಸ್ಕಿ ದಾಟಿದ ಮ್ಯಾಲ ಟಿಪ್ಪರ್ ಗಾಲಿಯಿಂದ ಜಲ್ಲಿ ಸಿಡೀತು ತಂಗೀ," ಎಂದ ಮೆಲ್ಲಗೆ. "ಗುರುವಾರ. ನನ್ನ ತಪ್ಪಲ್ಲ ಅದು. ಆದ್ರ ಸಾವ್ಕಾರ್ರು ಕೇಳಬೇಕಲ್ಲ? ನನಗಿಂತ ಮೊದಲಿದ್ದ ಡ್ರೈವರ್‌ನ್ನ ಒಂದು ಗೀರಿಗೆ ಬಿಡಿಸ್ಯಾರ. ನಾ ಸೇರಿ ಇನ್ನ ತಿಂಗಳಾಗಿಲ್ಲ. ಮರುದಿನ ಅಮಾಸಿ ಇತ್ತು. ಕುಂಕುಮ ಹಚ್ಚಿದ್ರ ಯಾರು ಕೇಳ್ತಾರ ಅಂತ..."

"ನಮ್ಮವ್ವನ್ನ ಎಲ್ಲಾರೂ ಬೈದ್ರು. ನೀ ಅಲ್ಲೇ ನಿಂತಿದ್ದಿ, ಅಣ್ಣಾ."

"ಹೌದು." ಅವನು ಲೋಟವನ್ನು ಸುಮ್ಮನೆ ತಿರುಗಿಸಿದ. "ಹೇಳಬ್ಯಾಡವ್ವಾ. ಗಾಜಿನ ರೊಕ್ಕ ಹೆಂಗರೆ ಮಾಡಿ ನಿಮ್ಮವ್ವಗ ತಂದು ಕೊಡ್ತೀನಿ. ಖರೇ."

ಅವ್ವನಿಗೆ ಬೇಕಾದದ್ದು ರೊಕ್ಕ ಅಲ್ಲ ಎಂದು ಹೇಳಬೇಕೆನಿಸಿತು ಮಿತ್ರಾಗೆ. ಗಾಜು ಹೊಸದು ಬರುತ್ತದೆ. ‘ಹಬೆಗೆ ಗಾಜು ಒಡೀತೈತಿ’ ಎಂಬ ಮಾತು ಮಾತ್ರ ಮಸ್ಕಿ, ಲಿಂಗಸುಗೂರಿನ ತನಕ ಹೋಗಿ ಅಲ್ಲೇ ಉಳಿಯುತ್ತದೆ. ಅದನ್ನು ಯಾವ ಬಟ್ಟೆಯಿಂದ ಒರೆಸುವುದು?

ಬುಡ್ಡೇಸಾಬ್ ತಾತ ಮಿರ್ಚಿ ಬಿಡುವ ಎಣ್ಣೆ ಚೊರ್ ಎನ್ನುತ್ತಿತ್ತು.

"ನಿಂದು ನಾ ಹೇಳಂಗಿಲ್ಲ," ಎಂದಳು ಕೊನೆಗೆ. "ನಂದು ಹೇಳ್ತೀನಿ."

"ನಿಂದೇನೈತಿ?"

ಮಿತ್ರಾ ಆಗಲೇ ರಸ್ತೆ ದಾಟುತ್ತಿದ್ದಳು.

* * *

ಬಿಸಿಲು ಬಿದ್ದ ಮೇಲೆ ಸಾವ್ಕಾರರು ಬಂದರು. ಬೈಕಿನ ಹಿಂದೆ ಗಾಜಿನ ರಫೀಕ್, ಕೈಯಲ್ಲಿ ಅಳತೆ ಟೇಪು. ಅವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಏನಾಗುತ್ತದೆ ನೋಡೋಣ ಎಂದು ಹೋಟೆಲಿನವರೂ ಬಂದರು. ಈ ಸಲ ಜನ ಹೆಚ್ಚಿದ್ದರು.

ಮಿತ್ರಾ ಎಲ್ಲರ ಸಂದಿಯಿಂದ ತೂರಿ ಮುಂದೆ ಬಂದಳು.

"ಅಂಕಲ್, ನಾ ಒಂದು ಮಾತು ಹೇಳಬೇಕು."

"ನೀ ಯಾರವ್ವಾ?"

"ಗಾಜಿನ ಮ್ಯಾಲ ಕೈ ಆಡಿಸಿ ಸೈ ಅನ್ನಾಕಿ. ನಾ ಸೈ ಅಂದ ಮ್ಯಾಲೇ ಅವ್ವ ಹಬೆ ಬಿಡ್ತಾಳ. ಇವತ್ತು ನಾ ಪೂರಾ ಕೈ ಆಡಿಸಲಿಲ್ಲ. ಕುಂಕುಮ ಮುಟ್ಟಿ ನೋಡು ಅಂತ ಅವ್ವ ಹೇಳಿದ್ಲು. ಥಂಡಿ ನೀರಾಗ ಕೈ ತೊಳಿಬೇಕಾಗ್ತೈತಿ ಅಂತ ಮುಟ್ಟಲಿಲ್ಲ. ಮುಟ್ಟದೇ ಸೈ ಅಂದೆ." ಅವಳು ಒಂದೇ ಉಸಿರಿನಲ್ಲಿ ಹೇಳಿದಳು. "ತಪ್ಪು ಅವ್ವಂದಲ್ರಿ. ಮಷೀನಿಂದೂ ಅಲ್ರಿ."

ಅವ್ವನ ಕೈ ಸೆರಗಿನಲ್ಲೇ ನಿಂತಿತು.

ಸಾವ್ಕಾರರ ಹುಬ್ಬು ಮೇಲೇರಿತು. "ಮುಟ್ಟಿದ್ರ ಏನಾಗ್ತಿತ್ತು?"

"ನಿಮ್ಮ ಬೆರಳು ಕೊಡ್ರಿ."

ಯಾರೋ ಕಿಸಕ್ಕೆಂದರು. ಸಾವ್ಕಾರರು ಮಾತ್ರ ನಗದೆ ಕೈ ಚಾಚಿದರು. ಮಿತ್ರಾ ಅವರ ದಪ್ಪ ತೋರುಬೆರಳನ್ನು ಹಿಡಿದು ಗಾಜಿನ ಮೇಲೆ ನಿಧಾನ ಎಳೆದಳು. ನುಣ್ಣಗೆ ಜಾರುತ್ತಿದ್ದ ಬೆರಳು ಮೂಲೆಗೆ ಬಂದು ತಟಕ್ಕನೆ ನಿಂತಿತು.

ಸಾವ್ಕಾರರು ಬಗ್ಗಿದರು. ಕನ್ನಡಕ ಏರಿಸಿದರು. ಮತ್ತೊಮ್ಮೆ ತಾವೇ ಬೆರಳಾಡಿಸಿದರು. ರಫೀಕ್ ಕೂಡ ಬಗ್ಗಿ ನೋಡಿದ.

"ಇದು ಹಳೇ ಏಟು, ಸಾವ್ಕಾರ್ರೇ. ಒಳಗ ಧೂಳು ಕುಂತೈತಿ ನೋಡ್ರಿ. ಇವತ್ತಿಂದಲ್ಲ ಇದು."

"ಇದರ ಮ್ಯಾಲ ಕುಂಕುಮ ಇತ್ತೇನು?" ಸಾವ್ಕಾರರು ಮೆಲ್ಲಗೆ ಸೆಟೆದು ನಿಂತರು. "ಅಮಾಸಿ ಪೂಜಿ ಮಾಡಿದಾಂವ ನಾನು. ಬಾನೆಟ್ಟಿಗೆ ಹಚ್ಚೀನಿ, ಗಾಲಿಗೆ ಹಚ್ಚೀನಿ. ಗಾಜಿಗೆ ನಾ ಎಂದೂ ಹಚ್ಚಂಗಿಲ್ಲ. ಯಾರು ಹಚ್ಚಿದ್ದು?"

ಅವರು ಮಿತ್ರಾಳನ್ನೇ ನೋಡಿದರು. ಎಲ್ಲರೂ ಅವಳನ್ನೇ ನೋಡಿದರು. ಅವಳಿಗೆ ಗೊತ್ತಿತ್ತು. ನಾಲಿಗೆಯ ತುದಿಯಲ್ಲಿ ಹೆಸರು ಇತ್ತು.

ಅವಳು ತುಟಿ ಬಿಗಿದುಕೊಂಡಳು.

"ನಾನ್ರಿ."

ಜನರ ಹಿಂದಿನಿಂದ ಬಂದ ದನಿ. ನಿಂಗರಾಜ ಮುಂದೆ ಬಂದ. ಈ ಸಲ ಅವನು ಚಪ್ಪಲಿ ನೋಡಲಿಲ್ಲ. "ಗುರುವಾರ ಜಲ್ಲಿ ಬಡೀತ್ರಿ. ನಿಮಗ ಹೇಳಾಕ ಅಂಜಿಕಿ ಆತು. ಅಂಟು ಕಲಸಿ ಕುಂಕುಮ ಮೆತ್ತಿದೆ."

ಸಾವ್ಕಾರರ ಮುಖ ಕುಂಕುಮಕ್ಕಿಂತ ಕೆಂಪಾಯಿತು. "ದೇವ್ರ ಹೆಸರಿನ್ಯಾಗ ಮುಚ್ಚಿಡ್ತೀಯೇನಲೇ! ಇವರನ್ನ ಊರ ಮುಂದ ಬಾಯಿಗೆ ಬಂದಂಗ ಅಂದ್ನಲ್ಲಲೇ ನಾನು!"

"ತಪ್ಪಾತ್ರಿ."

"ನನಗ ಹೇಳಬ್ಯಾಡ. ಅಲ್ಲಿ ಹೇಳು."

ನಿಂಗರಾಜ ಅವ್ವನ ಕಡೆ ತಿರುಗಿ ಕೈ ಜೋಡಿಸಿದ. ಅವ್ವ ಅವನನ್ನು ನೋಡಿ, ಗಾಜಿನ ಕಡೆ ಕಣ್ಣು ತಿರುಗಿಸಿದಳು.

ಸಾವ್ಕಾರರು ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಂಡರು. "ಗಾಜಿಂದು ನಾನೂ ಇವನೂ ನೋಡ್ಕೋತೀವಿ, ಅನುಪಮಾ ಅವರೇ. ನೀವು ಬಿಡ್ರಿ," ಎಂದರು. ಬೈಕ್ ಹತ್ತಿದರು.

ಬುಡ್ಡೇಸಾಬ್ ತಾತ ಕೆಮ್ಮಿದ. "ನಡೀರಪಾ, ಚಹಾ ಆರಾಕತ್ತೈತಿ. ಇಡ್ಲಿ ಮಷೀನಿಂದೇನೂ ತಪ್ಪಿಲ್ಲಂತ."

ಎಲ್ಲರೂ ಹೋದ ಮೇಲೆ ಮಿತ್ರಾ ತಲೆ ತಗ್ಗಿಸಿ ನಿಂತಳು. ಈಗ ಬೈಗುಳ ಬರುತ್ತದೆ. ಬರಲಿ.

ಅವ್ವ ಅವಳ ಕೈ ಹಿಡಿದು, ಬೆರಳ ತುದಿಯ ಕೆಂಪನ್ನು ತನ್ನ ಸೆರಗಿನಿಂದ ಗಸಗಸ ಒರೆಸಿದಳು. ಸೆರಗು ಕೆಂಪಾಯಿತು.

"ಒಗ್ಗರಣಿ ಆರಿ ಅಂಬಲಿ ಆಗೈತಿ. ಬಾ," ಎಂದಳು.

* * *

ಮುಂದಿನ ಭಾನುವಾರ ನಾಲ್ಕು ಕಾರು ಬರಲಿಲ್ಲ. ಒಂದೇ ಬಂತು. ಅದೇ ಬಿಳಿಯದು, ಹೊಸ ಗಾಜಿನದು. ನಡೆಸುತ್ತಿದ್ದವನು ನಿಂಗರಾಜ.

"ಬಿಡಿಸಲಿಲ್ಲೇನಣ್ಣಾ?" ಎಂದು ಮಿತ್ರಾ ಕೇಳಿಯೇಬಿಟ್ಟಳು.

"ಇಲ್ಲವ್ವಾ. ಬೈತಾರ. ಇಲ್ಲಿ ಹತ್ತಿದ್ರ ಲಿಂಗಸುಗೂರು ತನಕ ಬೈಕೋತ ಬರ್ತಾರ. ಮಸ್ಕಿಯಾಗ ಚಹಾ ಕುಡಿಯೂಮುಂದ ಅಷ್ಟ ಬಿಡುವು." ಅವನು ನಕ್ಕ. "ಇದೊಂದು ಗಾಡಿ ತೊಳಿಸಿಕೊಂಡು ಬಾ, ಉಳಿದಿದ್ದು ಆಮ್ಯಾಲ ನೋಡೂನು ಅಂದಾರ. ಕೀಲಿ ಕೊಡೂಮುಂದ ‘ಮೊದ್ಲು ಆ ಹುಡುಗಿ ಕೈ ಆಡಸ್ಲಿ’ ಅಂದ್ರು."

ಥಂಡಿ ಹೋದ ವಾರಕ್ಕಿಂತ ಜೋರಾಗಿತ್ತು. ಮಂಜಿನಲ್ಲಿ ಚಿಮಣಿ ಪೂರಾ ಮುಳುಗಿತ್ತು. ಮಿತ್ರಾ ಈ ಸಲ ಬೂದಿಯ ಮೇಲೆಯೇ ಅಂಗೈ ಒತ್ತಿ ಸವರಿದಳು. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ. ಟೋಲ್ ಸ್ಟಿಕ್ಕರಿನ ಅಂಚು. ವೈಪರ್ ಎತ್ತಿ ಅದರ ಅಡಿ. ಬೆರಳು ಸೋತು ಜೋಮು ಹಿಡಿದಾಗ ಬಾಯಿಗೆ ಹಿಡಿದು ಊದಿದಳು, ಬಿಟ್ಟ ಜಾಗದಿಂದಲೇ ಮತ್ತೆ ಶುರು ಮಾಡಿದಳು.

ಬೂದಿ ಸರಿದ ಕಡೆ ಗಾಜು ಕನ್ನಡಿಯ ಹಾಗಾಗಿತ್ತು. ಅದರೊಳಗೆ ಅವಳಿಗೆ ತನ್ನ ಹಿಂದೆ ನಿಂತ ಅವ್ವ ಕಂಡಳು. ಗನ್ ಕೈಯಲ್ಲಿತ್ತು. ಹಿಂದೆ ಮಷೀನು ಕುದಿಯುತ್ತಿತ್ತು, ಮುಚ್ಚಳದ ಸಂದಿಯಿಂದ ಹಬೆ ಎಳೆ ಎಳೆಯಾಗಿ ಏಳುತ್ತಿತ್ತು. ಅವ್ವ ಇವತ್ತು ‘ಲಗೂನ’ ಅನ್ನಲಿಲ್ಲ.

ಅವ್ವ ಗಾಜನ್ನು ನೋಡುತ್ತಿರಲಿಲ್ಲ. ಮಿತ್ರಾಳ ಕೈಯನ್ನು ನೋಡುತ್ತಿದ್ದಳು. ಕೈ ಎಲ್ಲಿ ಹೋದರೆ ಅವ್ವನ ಕಣ್ಣು ಅಲ್ಲಿಗೆ ಹೋಗುತ್ತಿತ್ತು.

ಹೋದ ವಾರವೂ ಹೀಗೇ ನೋಡುತ್ತಿದ್ದಳೇನೋ. ಬೆರಳು ಕುಂಕುಮದ ಸುತ್ತ ಸುತ್ತಿ ಹಿಂದೆ ಬಂದಾಗಲೂ. ನೋಡಿಯೂ, ‘ಸೈ’ ಎಂಬ ಮಾತನ್ನು ನಂಬಿ ಗುಂಡಿ ಒತ್ತಿದ್ದಳು.

ಮಿತ್ರಾ ಮೂಲೆಗೆ ಹೋದಳು. ಅಲ್ಲಿ ಏನೂ ಇರಲಿಲ್ಲ, ಹೊಸ ಗಾಜು. ಆದರೂ ಒಂದು ಬೆರಳು ಮೆತ್ತಗೆ ಇಟ್ಟು ನೋಡಿದಳು.

ಆಮೇಲೆ ಹಿಂದೆ ಸರಿದು, ಅವ್ವನ ಕಡೆ ತಿರುಗಿದಳು.

"ಸೈ, ಅವ್ವಾ."

ಹಬೆ ಬುಸ್ಸೆಂದಿತು.